ವಂಶವಾಹಿಯ ಪ್ರಮಾಣ ಮತ್ತು ಮದುವೆಯ ಕಟ್ಟಳೆ: ಒಂದು ವಿವೇಚನೆ

ಕುಲ, ಬೆಡಗು, ಬಳಿಗಳ ವಿವರಗಳನ್ನು ಜಾನಪದ ಅಧ್ಯಯನವು ಬಹುಕಾಲದಿಂದ ದಾಖಲಿಸುತ್ತ ಬಂದಿದೆ. ಅವುಗಳನ್ನು ಸಾಮಾಜಿಕ ರಚನೆಯ ಆಕರಗಳೆಂದು ಪರಿಗಣಿಸಿದ ನಾವು, ಸಮುದಾಯದ ಆರೋಗ್ಯಕ್ಕೂ ಅವುಗಳಿಗೂ ಇರುವ ಸಂಬಂಧದತ್ತ ಗಮನಹರಿಸಿದ್ದು ಕಡಿಮೆ. ಆ ಸಂಬಂಧವನ್ನು ಕುಡಗೋಲು ಕಣ ರಕ್ತಹೀನತೆಯ ನಿದರ್ಶನದಿಂದ ಇಲ್ಲಿ ವಿವೇಚಿಸಲಾಗಿದೆ.

1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಅವರು ನೀಲಗಿರಿಯ ಬುಡಕಟ್ಟುಗಳಲ್ಲಿ ಈ ರೋಗಕ್ಕೆ ಕಾರಣವಾದ ವಂಶವಾಹಿಯ ಇರುವಿಕೆಯನ್ನು ಗುರುತಿಸಿದರು. ಅದರ ಒಂದು ಪ್ರತಿಯನ್ನು ಮಾತ್ರ ಪಡೆದವರು ವಾಹಕರು. ತಂದೆತಾಯಿಗಳಿಬ್ಬರಿಂದಲೂ ಪಡೆದವರು ರೋಗಿಗಳು. ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆಂದು 1954ರಲ್ಲಿ ಆಂಥೊನಿ ಆಲಿಸನ್ ಪ್ರತಿಪಾದಿಸಿದರು. ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ ಈ ವಂಶವಾಹಿಯು ಹೆಚ್ಚಾಗಿ ಉಳಿದುಬಂದಿರುವುದಕ್ಕೆ ಇದೇ ಕಾರಣ.

‘ಪ್ರಮಾಣ’ ಎಂಬುದರ ಅರ್ಥವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ನೂರು ಜನರ ಹಾಡಿಯೊಂದರಲ್ಲಿ ಈ ವಂಶವಾಹಿಯ ಒಟ್ಟು 200 ಪ್ರತಿಗಳಿದ್ದು, ಅವುಗಳಲ್ಲಿ 20 ಕುಡಗೋಲು ರೂಪದವಾಗಿದ್ದರೆ ಪ್ರಮಾಣ ಶೇ. 10. ಮದುವೆಗಳು ರಕ್ತಸಂಬಂಧದ ಗೊಡವೆಯಿಲ್ಲದೆ ನಡೆದರೆ, 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಪ್ರತ್ಯೇಕವಾಗಿ ನಿರೂಪಿಸಿದ ಸೂತ್ರದಂತೆ, ಮುಂದಿನ ಪೀಳಿಗೆಯ ನೂರು ಮಕ್ಕಳಲ್ಲಿ ಸರಾಸರಿ 18 ವಾಹಕರೂ ಒಬ್ಬ ರೋಗಿಯೂ ಇರುತ್ತಾರೆ.

ಆದರೆ ಮದುವೆಗಳು ಹಾಗೆ ನಡೆಯುವುದಿಲ್ಲ. ಒಂದೇ ಬೆಡಗಿನವರು ಅಣ್ಣತಮ್ಮಂದಿರೆಂಬ ಕಟ್ಟಳೆ ನಮ್ಮ ಅನೇಕ ಸಮುದಾಯಗಳಲ್ಲಿದೆ. ಬೆಡಗು ಸಾಮಾನ್ಯವಾಗಿ ತಂದೆಯ ಕಡೆಯಿಂದ ಬರುತ್ತದೆ. ವಂಶವಾಹಿಯಾದರೋ ಇಬ್ಬರಿಂದಲೂ ಬರುತ್ತದೆ. ಅಕ್ಕನ ಮಗಳು ಬೇರೆ ಬೆಡಗಿನವಳಾದ್ದರಿಂದ ದಕ್ಷಿಣ ಕರ್ನಾಟಕದ ಹಲವೆಡೆ ಆಕೆ ಸೋದರಮಾವನಿಗೆ ಸಲ್ಲುವ ಹೆಣ್ಣು. ಮೇಲಿನ ಲೆಕ್ಕದ ಹಾಡಿಯಲ್ಲಿಯೇ ಇಂತಹ ದಂಪತಿಗಳ ಮಕ್ಕಳಿಗೆ ರೋಗ ಬರುವ ಸಂಭವ ಶೇ. 1ರಿಂದ ಸುಮಾರು ಶೇ. 2ಕ್ಕೆ ಏರುತ್ತದೆ. ಗಮನಿಸಬೇಕಾದುದೆಂದರೆ, ಸೋದರಿಕೆಯ ಮದುವೆಯು ತಾನಾಗಿಯೇ ವಂಶವಾಹಿಯ ಪ್ರಮಾಣವನ್ನು ಹೆಚ್ಚಿಸುವುದಿಲ್ಲ. ಚದುರಿದ್ದ ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಂಭವವನ್ನಷ್ಟೇ ಹೆಚ್ಚಿಸುತ್ತದೆ.

ಈ ವ್ಯತ್ಯಾಸವನ್ನು ಮರೆತಾಗ ಪ್ರಮಾಣವೆಂಬ ಅಂಕಿಯು ಕುಲದ ಕಳಂಕವಾಗಿ ಪರಿಣಮಿಸುತ್ತದೆ. ಅದು ಸಮುದಾಯದ ಸರಾಸರಿಯೇ ಹೊರತು ವ್ಯಕ್ತಿಯೊಬ್ಬನ ಗುರುತಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಕುಡಗೋಲು ಕಣ ರಕ್ತಹೀನತೆಯ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿದ್ದು, ಬುಡಕಟ್ಟು ಪ್ರದೇಶಗಳಲ್ಲಿ ವ್ಯಾಪಕ ತಪಾಸಣೆ ನಡೆದಿದೆ. ವಾಹಕಳೆಂದು ತಿಳಿದ ಮಾತ್ರಕ್ಕೆ ಹೆಣ್ಣೊಬ್ಬಳ ಮದುವೆ ಮುರಿದರೆ, ತಪಾಸಣೆಯ ಉದ್ದೇಶವೇ ಸೋತಂತೆ. ವಾಹಕರಿಬ್ಬರ ನಡುವಣ ಮದುವೆಯಲ್ಲಿ ಮಾತ್ರ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವವಿದೆ. ವಾಹಕರಲ್ಲದವರೊಡನೆ ಆದ ಮದುವೆಯಲ್ಲಿ ಆ ಭಯವಿಲ್ಲ. ‘ಯಾರಿಗೆ ಯಾರು ಸಲ್ಲುತ್ತಾರೆ’ ಎಂಬ ಪ್ರಶ್ನೆಯು ಹಾಡಿಗಳ ಹಿರಿಯರಿಗೆ ಹೊಸದಲ್ಲ. ಈ ತಿಳಿವಳಿಕೆಯನ್ನು ಅವರ ಭಾಷೆಯಲ್ಲಿಯೇ ಅವರಿಗೆ ತಲುಪಿಸುವ ಹೊಣೆಯು ಕಟ್ಟಳೆಗಳನ್ನು ಬಲ್ಲ ಜಾನಪದ ಸಂಶೋಧಕರ ಮೇಲೂ ಇದೆ.