ವೆಬ್ ಡಿಸೈನ್ ಕಲಿಯುವ ಮಕ್ಕಳಿಗೆ ಮದ್ರಸದ ಕಡೆಯಿಂದ ಒಂದಿಷ್ಟು ಬುತ್ತಿ

ಪಿಯುಸಿ, ಡಿಗ್ರಿ ಮುಗಿಸಿದ ನಮ್ಮ ಅನೇಕ ಮಕ್ಕಳು ಇವತ್ತು ವೆಬ್ ಡಿಸೈನ್ ಕಲಿಯುತ್ತಿದ್ದಾರೆ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸವಾದ್ದರಿಂದ ಹೆಣ್ಣುಮಕ್ಕಳೂ ಆಸಕ್ತಿ ತೋರಿಸ್ತಿದ್ದಾರೆ. ಜಮಾಅತ್‌ಗೆ, ಮದ್ರಸಕ್ಕೆ, ಊರಿನ ಯುವಕರ ಸಂಘಕ್ಕೆ, ಗಲ್ಫ್‌ನಲ್ಲಿರುವ ಕಾಕನ ಅಂಗಡಿಗೆ ಒಂದು ವೆಬ್‌ಸೈಟ್ ಬೇಕು ಅಂದರೆ ಮೊದಲು ಕರೆಯುವುದು ಇವರನ್ನೇ. ಸಂತೋಷದ ವಿಷಯ. ಆದರೆ ಇಂಥ ಕೆಲವು ಪುಟಗಳನ್ನು ನೋಡಿದಾಗ ಅಲಿಫ್ ಬಾ ಕಲಿಸುವ ನಮ್ಮಂಥವರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಪುಟದ ಮೇಲ್ಗಡೆ ಬಿಸ್ಮಿಲ್ಲಾ ಇರುತ್ತದೆ, ಆದರೆ ಅಕ್ಷರಗಳು ಒಂದಕ್ಕೊಂದು ಸೇರಿರುವುದಿಲ್ಲ. ಬಾ ಬೇರೆ, ಸೀನ್ ಬೇರೆ, ಮೀಮ್ ಬೇರೆ. ಸಾಲದ್ದಕ್ಕೆ ಎಡದಿಂದ ಬಲಕ್ಕೆ ತಿರುಗಿ ಕೂತಿರುತ್ತವೆ. ಅರಬಿ ಬಾರದವರಿಗೆ ಅದೊಂದು ಚಂದದ ಚಿತ್ರ. ಓದಬಲ್ಲವರಿಗೆ ಅದು ಬಿಸ್ಮಿಲ್ಲಾವೇ ಅಲ್ಲ.

ಯಾಕೆ ಹೀಗಾಗ್ತದೆ? ಯೂನಿಕೋಡ್‌ನಲ್ಲಿ ಅರಬಿ ಬೆರಳಚ್ಚು ಮಾಡುವಾಗ ಬಾ ಎಂಬುದಕ್ಕೆ ಒಂದೇ ಸಂಖ್ಯೆ. ಪದದ ಮೊದಲಲ್ಲಿ ಅದರ ರೂಪ ಹೇಗಿರಬೇಕು, ನಡುವೆ ಹೇಗೆ, ಕೊನೆಗೆ ಹೇಗೆ ಎಂಬುದನ್ನು ಫಾಂಟ್ ಮತ್ತು ಸಾಫ್ಟ್‌ವೇರ್ ಸೇರಿ ಆ ಹೊತ್ತಿಗೆ ತೀರ್ಮಾನಿಸುತ್ತವೆ. ಫೋಟೋಶಾಪ್‌ನ ಹಳೇ ಆವೃತ್ತಿಗಳಲ್ಲಿ, ಹೊಸದರಲ್ಲೂ ಅರಬಿಗೆ ಬೇಕಾದ ಸೆಟ್ಟಿಂಗ್ ಆನ್ ಮಾಡದಿದ್ದರೆ, ಈ ಜೋಡಣೆ ನಡೆಯುವುದಿಲ್ಲ. ಅಕ್ಷರಗಳು ಚೆಲ್ಲಾಪಿಲ್ಲಿ. ಡಿಸೈನರ್ ಅದನ್ನೇ ಚಿತ್ರ ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಮತ್ತೆ ಯಾರಿಂದಲೂ ತಿದ್ದಲಿಕ್ಕಾಗದು.

ಪರಿಹಾರ ಸುಲಭ. ಇವತ್ತಿನ ಬ್ರೌಸರ್‌ಗಳಿಗೆ ಅರಬಿ ಚೆನ್ನಾಗಿ ಬರುತ್ತದೆ. ಅರಬಿಯನ್ನು ಚಿತ್ರ ಮಾಡದೆ ಅಕ್ಷರವಾಗಿಯೇ ಪುಟದಲ್ಲಿ ಹಾಕಿ. ಎಚ್‌ಟಿಎಂಎಲ್‌ನಲ್ಲಿ ಆ ಭಾಗಕ್ಕೆ ಭಾಷೆ ಅರಬಿ ಎಂದೂ, ದಿಕ್ಕು ಬಲದಿಂದ ಎಡಕ್ಕೆ ಎಂದೂ ತಿಳಿಸುವ ಎರಡು ಗುರುತುಗಳಿವೆ, ‘ಲ್ಯಾಂಗ್’ ಮತ್ತು ‘ಡಿರ್’. ಇವೆರಡನ್ನು ಬಿಟ್ಟರೆ ಪೂರ್ಣವಿರಾಮ, ಆವರಣ, ಆಯತ್ ಸಂಖ್ಯೆ ಇವೆಲ್ಲ ತಪ್ಪು ಜಾಗಕ್ಕೆ ಹೋಗಿ ಕೂರುತ್ತವೆ. ಇನ್ನೊಂದು, ಇಂಗ್ಲಿಷ್ ಶೀರ್ಷಿಕೆಗಳಿಗೆ ಚಂದ ಕಾಣಲಿ ಅಂತ ‘ಲೆಟರ್ ಸ್ಪೇಸಿಂಗ್’ ಕೊಡುವ ಅಭ್ಯಾಸ ಡಿಸೈನರ್‌ಗಳಿಗಿದೆ. ಅದನ್ನೇ ಅರಬಿಗೂ ಕೊಟ್ಟರೆ ಕೈ ಹಿಡಿದುಕೊಂಡಿದ್ದ ಅಕ್ಷರಗಳ ಕೈ ಬಿಡಿಸಿದಂತೆ.

ಆಯತ್‌ಗಳನ್ನು ಎಲ್ಲಿಂದ ತೆಗೆದುಕೊಳ್ಳಬೇಕು? ವಾಟ್ಸಾಪ್‌ನಲ್ಲಿ ಬಂದ ಮೆಸೇಜಿನಿಂದಂತೂ ಬೇಡವೇ ಬೇಡ. ಒಂದು ಶದ್ದ್ ಬಿಟ್ಟುಹೋಗಿರುತ್ತದೆ, ಒಂದು ಹರಕತ್ ಬದಲಾಗಿರುತ್ತದೆ. ‘ತನ್ಝೀಲ್’ ಎಂಬ ಯೋಜನೆ 2007ರಲ್ಲಿ ಶುರುವಾಯಿತು. ತಪ್ಪಿಲ್ಲದಂತೆ ಪರಿಶೀಲಿಸಿದ ಕುರ್‌ಆನ್ ಪಠ್ಯವನ್ನು ಯೂನಿಕೋಡ್‌ನಲ್ಲಿ ಕೊಡುವುದೇ ಅದರ ಉದ್ದೇಶ. ಯಾರೂ ಉಚಿತವಾಗಿ ಬಳಸಬಹುದು. ಷರತ್ತು ಇಷ್ಟೇ: ಮೂಲದ ಹೆಸರು ಹಾಕಬೇಕು, ಪಠ್ಯದಲ್ಲಿ ಒಂದಕ್ಷರವನ್ನೂ ಬದಲಿಸಬಾರದು. ಅದಕ್ಕೆ ಹೊಂದುವ ಫಾಂಟ್ ಅಂದರೆ ‘ಅಮೀರಿ’. ಕೈರೋದ ಬೂಲಾಕ್ ಮುದ್ರಣಾಲಯದಲ್ಲಿ 1905ರ ಹೊತ್ತಿಗೆ ತಯಾರಾದ ಅಚ್ಚಿನ ಮೊಳೆಗಳ ನಸ್ಖ್ ಅಕ್ಷರವನ್ನು ಈಜಿಪ್ಟಿನ ಖಾಲಿದ್ ಹುಸ್ನಿ ಕಂಪ್ಯೂಟರಿಗೆ ತಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕುರ್‌ಆನ್‌ಗಾಗಿಯೇ ಅದರ ಪ್ರತ್ಯೇಕ ರೂಪವೂ ಉಂಟು. ಮಲಬಾರಿನಲ್ಲಿ ಅಚ್ಚಾದ ಮುಸ್‌ಹಫ್‌ನ ದಪ್ಪ ಪೊನ್ನಾನಿ ಅಕ್ಷರಕ್ಕೆ ಕಣ್ಣು ಹೊಂದಿಸಿಕೊಂಡ ನಮ್ಮ ಹಿರಿಯರಿಗೆ ಇದು ಸ್ವಲ್ಪ ತೆಳ್ಳಗೆ ಕಂಡೀತು. ಅವರಿಗಾಗಿ ಅಕ್ಷರದ ಗಾತ್ರ ದೊಡ್ಡದಿಡಿ, ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಕಸ್ರ್ ಕೆಳಗಿನ ಸಾಲಿನ ಶದ್ದ್‌ಗೆ ಹೋಗಿ ತಾಗುತ್ತದೆ.

ಕನ್ನಡದ ಪಾಡೂ ಹೀಗೆಯೇ. ನಾವು ಮನೆಯಲ್ಲಿ ಬ್ಯಾರಿ ಮಾತಾಡಿದರೂ ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ‘ಶಾಸ್ತ್ರ’, ‘ರಾಷ್ಟ್ರ’ ಮುಂತಾದ ಪದಗಳ ಒತ್ತಕ್ಷರದ ಬಾಲ ಕತ್ತರಿಸಿ ಹೋಗ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಇಡಬೇಡಿ. ಇನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ನೇರವಾಗಿ ತಂದು ವೆಬ್‌ಸೈಟಿಗೆ ಹಾಕಿದರೆ ಓದುವವರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಫಾಂಟ್‌ಗೆ ಬರಗಾಲವೇನಿಲ್ಲ. 2010ರಲ್ಲಿ ಶುರುವಾದ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಎಲ್ಲ ಪುಕ್ಕಟೆ. (ಬೆಣ್ಣೆ ಎಂಬ ಹೆಸರು ಕೇಳಿ ನಮ್ಮ ಮದ್ರಸದ ಮಕ್ಕಳು ನಕ್ಕದ್ದೇ ನಕ್ಕದ್ದು.)

ಈಗ ಸ್ಫೂರ್ತಿಯ ವಿಚಾರ. ಮುಸ್ಲಿಮರ ವೆಬ್‌ಸೈಟ್ ಅಂದ ಕೂಡಲೇ ಹಸಿರು ಹಿನ್ನೆಲೆ, ಬಂಗಾರದ ಬಣ್ಣದ ಅಕ್ಷರ, ಒಂದು ಗುಮ್ಮಟ, ಒಂದು ಚಂದ್ರ, ಮೂಲೆಯಲ್ಲಿ ಈಜಿಪ್ಟಿನ ಲಾಟೀನು. ನಮ್ಮ ಊರಲ್ಲಿ ಆ ಲಾಟೀನನ್ನು ಯಾರು ಉರಿಸುತ್ತಿದ್ದರು ಮಾರಾಯ್ರೆ? ಮಂಗಳೂರು ಬಂದರ್‌ನ ಝೀನತ್ ಬಕ್ಷ್ ಜುಮಾ ಮಸೀದಿಯ ಒಳಗೆ ಹೋಗಿ ಮರದ ಕಂಬಗಳ ಕೆತ್ತನೆ ನೋಡಿ. ಬಳ್ಳಿ, ಹೂವು, ಅಂಚಿನ ಪಟ್ಟಿ ಎಲ್ಲವೂ ನಮ್ಮ ಕರಾವಳಿಯ ಬಡಗಿಗಳ ಕೈ. ಅದರ ಒಂದು ಅಂಚನ್ನು ಕಾಗದದ ಮೇಲೆ ಬಿಡಿಸಿಕೊಂಡರೆ ಒಂದು ಜಮಾಅತ್‌ನ ವೆಬ್‌ಸೈಟಿಗೆ ಸಾಕು.

ಸ್ವಲ್ಪ ದೂರ ಹೋಗಬಲ್ಲವರು ಬೀದರ್‌ಗೆ ಹೋಗಲಿ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಮುಂಭಾಗದಲ್ಲಿ ಉಳಿದಿರುವ ಬಣ್ಣದ ಹೆಂಚುಗಳ ಮೇಲೆ ಕುರ್‌ಆನ್‌ನ ಬರಹವಿದೆ. ನೀಲಿ, ಬಿಳಿ, ಹಳದಿ; ಐನೂರು ವರ್ಷ ಬಿಸಿಲು ಮಳೆ ತಿಂದ ಮೇಲೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಒಂದು ಪುಟಕ್ಕೆ ಬಣ್ಣ ಆರಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಂಡಿಲ್ಲ. ಅದೇ ಊರಿನ ಬಿದರಿ ಪಾತ್ರೆಗಳ ಕಪ್ಪು–ಬೆಳ್ಳಿ ನೋಡಿದರೆ ಕಪ್ಪು ಹಿನ್ನೆಲೆಯ ಪುಟ ಹೇಗಿರಬೇಕು ಅಂತ ಗೊತ್ತಾಗ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಅರಬಿ ಅಕ್ಷರಗಳ ಜಾಲರಿ ಮಾಡಿದ್ದಾರೆ.

ಮನೆಯಲ್ಲಿ ಒಂದು ಕೈವಾರ, ಒಂದು ಸ್ಕೇಲ್ ಇದ್ದರೂ ಸಾಕು. ವೃತ್ತ ಎಳೆದು, ಕೈವಾರದ ಅಗಲ ಬದಲಿಸದೆ ಅದರ ಅಂಚಿನಲ್ಲೇ ಗುರುತು ಹಾಕುತ್ತ ಹೋದರೆ ಸರಿಯಾಗಿ 6 ಗುರುತು ಬರುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಆರು ಮೂಲೆಯ ನಕ್ಷತ್ರ. ಎರಡು ಚೌಕಗಳಲ್ಲಿ ಒಂದನ್ನು ಓರೆ ಮಾಡಿ ಮೇಲಿಟ್ಟರೆ ಎಂಟು ಮೂಲೆಯ ನಕ್ಷತ್ರ. ಮದೀನಾ ಮುಸ್‌ಹಫ್‌ನಲ್ಲಿ ಹಿಝ್ಬ್‌ನ ಕಾಲು ಭಾಗ ಸೂಚಿಸುವ ಚಿಹ್ನೆಯೂ ಇದೇ. ನಮ್ಮ ಮಕ್ಕಳು ಓದುವಾಗಲೆಲ್ಲ ನೋಡಿದ್ದಾರೆ. ಇದನ್ನು ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬಿಡಿಸಿ ಎಸ್‌ವಿಜಿ ಆಗಿ ಉಳಿಸಿದರೆ ಎಷ್ಟು ದೊಡ್ಡದು ಮಾಡಿದರೂ ಮಸುಕಾಗದು, ಫೈಲೂ ಸಣ್ಣದು.

ಬೇರೆಯವರ ಚಿತ್ರ ಬಳಸುವ ಬಗ್ಗೆ ಸ್ವಲ್ಪ ಖಡಕ್ಕಾಗಿಯೇ ಹೇಳಬೇಕು. ಗೂಗಲ್‌ನಲ್ಲಿ ಕಂಡದ್ದೆಲ್ಲ ನಮ್ಮದಲ್ಲ. ಕ್ರ್ಯಾಕ್ ಮಾಡಿದ ಫಾಂಟು, ಇನ್ನೊಬ್ಬ ತೆಗೆದ ಫೋಟೋ, ವಾಟರ್‌ಮಾರ್ಕ್ ಅಳಿಸಿದ ಡಿಸೈನು ಇವುಗಳಿಂದ ಮಸೀದಿಯ ವೆಬ್‌ಸೈಟ್ ಕಟ್ಟುವುದು ಎಂತ ಚಂದ? 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಕೃತಿಸ್ವಾಮ್ಯ ಶರೀಅತ್ ಪ್ರಕಾರ ರಕ್ಷಣೆಯುಳ್ಳ ಹಕ್ಕು, ಅದನ್ನು ಅತಿಕ್ರಮಿಸುವಂತಿಲ್ಲ ಎಂದು ತೀರ್ಮಾನಿಸಿದೆ. ಹಲಾಲ್ ದಾರಿ ಬೇಕಾದಷ್ಟಿದೆ. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಮೂರೂಮುಕ್ಕಾಲು ಲಕ್ಷ ಚಿತ್ರಗಳನ್ನು ಯಾರೂ ಬಳಸುವಂತೆ ಬಿಟ್ಟುಕೊಟ್ಟಿತು. ಹಳೆಯ ಕುರ್‌ಆನ್ ಹಾಳೆಗಳು, ತುರ್ಕಿಯ ಇಝ್ನಿಕ್ ಹೆಂಚುಗಳು ಅದರ ಸಂಗ್ರಹದಲ್ಲಿವೆ. ವಿಕಿಮೀಡಿಯ ಕಾಮನ್ಸ್‌ನಲ್ಲೂ ಹುಡುಕಬಹುದು; ಆದರೆ ಪ್ರತಿ ಚಿತ್ರದ ಕೆಳಗಿನ ಲೈಸೆನ್ಸ್ ಓದಿ, ಹೆಸರು ಹಾಕಲು ಹೇಳಿದ್ದರೆ ಹಾಕಿ.

ಕೋಡ್ ಕಲಿಯಲು ಮೊಝಿಲ್ಲಾದ ಎಂಡಿಎನ್ ದಾಖಲೆಗಳು ಉಚಿತ. ಕಲಿತಾದ ಮೇಲೆ ‘ಸಿಎಸ್ಎಸ್ ಝೆನ್ ಗಾರ್ಡನ್’ ಒಮ್ಮೆ ನೋಡಿ. 2003ರಲ್ಲಿ ಡೇವ್ ಶೇ ಎಂಬ ಡಿಸೈನರ್ ಆರಂಭಿಸಿದ್ದು. ಬರಹ ಅದೇ, ಎಚ್‌ಟಿಎಂಎಲ್ ಅದೇ. ಸಿಎಸ್ಎಸ್ ಮಾತ್ರ ಬದಲಿಸಿ ಬೇರೆ ಬೇರೆಯವರು ಮಾಡಿದ ಪುಟಗಳು ಒಂದರಂತೆ ಒಂದಿಲ್ಲ. ಇಪ್ಪತ್ತು ವರ್ಷ ಹಳತಾದರೂ ಹೊಸಬರಿಗೆ ಅದರಷ್ಟು ಧೈರ್ಯ ಕೊಡುವುದು ಕಡಿಮೆ.

ನಮಾಝ್ ವೇಳಾಪಟ್ಟಿಯನ್ನು ಫೋಟೋ ಆಗಿ ಹಾಕುವುದನ್ನು ಬಿಡಿ. ಕಣ್ಣು ಕಾಣದವರ ಮೊಬೈಲ್ ಅದನ್ನು ಓದಿ ಹೇಳುವುದಿಲ್ಲ. ಟೇಬಲ್ ಆಗಿ ಹಾಕಿದರೆ ಓದಿ ಹೇಳುತ್ತದೆ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು ಎಂಬ ಅಂತಾರಾಷ್ಟ್ರೀಯ ಅಳತೆಯಿದೆ, ಪರೀಕ್ಷಿಸುವ ಉಚಿತ ಸಾಧನಗಳೂ ಇವೆ. ತಿಳಿ ಹಸಿರಿನ ಮೇಲೆ ಬಂಗಾರದ ಬಣ್ಣ ಇದರಲ್ಲಿ ಸಾಮಾನ್ಯವಾಗಿ ಫೇಲ್.

ಕೊನೆಗೆ, ಅರಬಿ ಇರುವ ಪುಟ ತಯಾರಾದ ಮೇಲೆ ಮತ್ತು ಜನರಿಗೆ ಬಿಡುವ ಮೊದಲು, ಹತ್ತಿರದ ಮದ್ರಸದ ಉಸ್ತಾದರ ಕೈಗೆ ಮೊಬೈಲ್ ಕೊಟ್ಟು ಓದಿಸಿ. ಹತ್ತು ನಿಮಿಷದ ಕೆಲಸ. ಮಗ್ರಿಬ್ ಕಳೆದು ಬನ್ನಿ, ಆ ಹೊತ್ತಿಗೆ ನಮ್ಮಲ್ಲಿ ಹೆಚ್ಚಿನವರು ಪುರುಸೊತ್ತಿನಲ್ಲಿರುತ್ತೇವೆ.