ಸ್ಕೋರ್ ಇಳಿದರೆ ಫೈಬ್ರೋಸಿಸ್ ಇಳಿಯಿತೆ?

"ಸ್ಕೋರ್ ಎಷ್ಟ ಬಂದೈತ್ರಿ?" ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಆಸುಪಾಸು ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಬಂದವರಿಗೆ ಈ ಪ್ರಶ್ನೆ ಇನ್ನೂ ತಪ್ಪಿಲ್ಲ. 2021ರ ಕೋವಿಡ್ ಅಲೆಯಲ್ಲಿ ಮನೆಮಾತಾದ ಲೆಕ್ಕ ಅದು: ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5, ಒಟ್ಟು 25. ಸೋಂಕು ಎಷ್ಟು ಜಾಗ ಹಿಡಿದಿದೆ ಎಂದಷ್ಟೇ ಅದು ಹೇಳುತ್ತಿತ್ತು. ಶ್ವಾಸಕೋಶ ಗಾಯದ ಕಲೆಯಂತೆ ಬಿರುಸಾಗುವ ಫೈಬ್ರೋಸಿಸ್‌ಗೆ ಆ ಅಂಕ ಹೊಂದುವುದಿಲ್ಲ. ಸೋಂಕಿನ ಮಬ್ಬು ಕರಗಬಹುದು; ಜೇನುಗೂಡಿನಂತಾದ ಭಾಗ ಮೊದಲಿನಂತಾಗದು.

ಯಂತ್ರದ ಅಳತೆ ತಪ್ಪುವುದಿಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ನಂಬಿಕೆ. ಸಿಟಿ ಅಳೆಯುವುದು ಸಾಂದ್ರತೆಯನ್ನು. ಅದರ ಮಾಪಕದಲ್ಲಿ ನೀರು 0, ಗಾಳಿ ಮೈನಸ್ 1000. ಮೈಕಿನಲ್ಲಿ "ಉಸರ ತಗೋರಿ... ಹಿಡೀರಿ" ಎಂಬ ದನಿ ಬರುತ್ತದಲ್ಲ, ಆಗ ಗಾಬರಿಯಲ್ಲಿ ಅಜ್ಜಿಯೊಬ್ಬರು ಅರ್ಧ ಉಸಿರಷ್ಟೇ ಎಳೆದುಕೊಂಡರೆ ಒಳಗಿನ ಗಾಳಿ ಕಡಿಮೆಯಾಗಿ, ಚಿತ್ರ ಬೆಳ್ಳಗಾಗುತ್ತದೆ. ಕಲೆಯ ಶೇಕಡಾವಾರು ಎಣಿಸುವ ಸಾಫ್ಟ್‌ವೇರ್ ಅದನ್ನೂ ರೋಗವೆಂದು ಎಣಿಸಬಲ್ಲದು. ಮಲಗಿದಾಗ ಬೆನ್ನಿನ ಕಡೆ ಕುಸಿಯುವ ಶ್ವಾಸಕೋಶವೂ ಹಾಗೇ ಕಾಣುತ್ತದೆ. ಅನುಮಾನ ಬಂದರೆ ಬೋರಲು ಮಲಗಿಸಿ ಮತ್ತೊಮ್ಮೆ ತೆಗೆಯುವುದು ಅದಕ್ಕೇ. ಎರಡು ಸ್ಕ್ಯಾನ್ ಹೋಲಿಸಬೇಕಾದರೆ ಎರಡರಲ್ಲೂ ಪೂರ್ತಿ ಉಸಿರು ಇರಬೇಕು, ಸುಮಾರು 1 ಮಿ.ಮೀ. ತೆಳುವಾದ ಪದರಗಳಿರಬೇಕು, ಸಾಧ್ಯವಾದರೆ ಯಂತ್ರವೂ ಅದೇ ಆಗಿರಬೇಕು.

ಬೆಳ್ಳಗೆ ಕಂಡದ್ದೆಲ್ಲ ಕಲೆಯೂ ಅಲ್ಲ. 2017ರಲ್ಲಿ ಪ್ರಕಟವಾದ ಭಾರತದ ರೋಗಿ ದಾಖಲಾತಿಯಲ್ಲಿ ಇಂಥ ಶ್ವಾಸಕೋಶ ಕಾಯಿಲೆಯ 1,084 ಜನರಿದ್ದರು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಯದು ಬೂಷ್ಟು, ಹಕ್ಕಿಯ ಹಿಕ್ಕೆಯಂಥವು ಉಸಿರಿನೊಂದಿಗೆ ಒಳಹೋಗಿ ಬರುವ ಉರಿಯೂತ. ಏರ್ ಕೂಲರ್ ಬಳಕೆಯೂ ಅವರಲ್ಲಿ ಎದ್ದು ಕಂಡಿತ್ತು. ಕಾರಣವನ್ನು ಬೇಗ ದೂರ ಮಾಡಿದರೆ ಈ ಉರಿಯೂತದ ಮಬ್ಬು ತಗ್ಗಬಹುದು. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ನಿದ್ದೆ ಬಾರದ ನಮ್ಮ ಊರಿನವರು, ಪಾರಿವಾಳಕ್ಕೆ ಕಾಳು ಹಾಕುವವರು, ಇದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ತಿಂಗಳಿಗೊಮ್ಮೆ ಸಿಟಿ ಮಾಡಿಸಿದರೆ ಒಳ್ಳೆಯದೆ? ಇಲ್ಲ, ವಿಕಿರಣ ಸುಮ್ಮನೆ ಮೈಗೆ ಸೇರುತ್ತದೆ. ರೋಗ ಮುಂದುವರಿದಿದೆ ಎನ್ನಲು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮೂರನ್ನು ನೋಡುತ್ತದೆ: ದಮ್ಮು ಕೆಮ್ಮು ಹೆಚ್ಚಾಯಿತೆ, ಊದುವ ಪರೀಕ್ಷೆಯಲ್ಲಿ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದ ಗಾಳಿಯ ಪ್ರಮಾಣ) ವರ್ಷದೊಳಗೆ ಶೇಕಡಾ 70ರಿಂದ 65ಕ್ಕೆ ಇಳಿದಂತೆ 5 ಅಂಶ ಕುಸಿಯಿತೆ, ಸಿಟಿಯಲ್ಲಿ ಕಲೆ ಹಬ್ಬಿತೆ. ಮೂರರಲ್ಲಿ ಎರಡು ಕೂಡಬೇಕು. ಸಿಟಿಯೊಂದರಿಂದಲೇ ತೀರ್ಮಾನವಿಲ್ಲ.

ಫೈಬ್ರೋಸಿಸ್‌ಗೆ ಕೊಡುವ ಪಿರ್ಫೆನಿಡೋನ್, ನಿಂಟೆಡಾನಿಬ್ ಕಲೆ ಅಳಿಸುವ ಮಾತ್ರೆಗಳಲ್ಲ. ಹಬ್ಬುವ ವೇಗ ತಗ್ಗಿಸುತ್ತವೆ. ಹಾಗಾಗಿ "ಹಿಂದಿನಷ್ಟೇ ಇದೆ" ಎಂದು ವರದಿ ಬಂದರೆ ಎದೆಗುಂದಬೇಡಿ, ಅದು ಒಳ್ಳೆಯ ಸುದ್ದಿ. ಮುಂದಿನ ಸಲ ಹೋಗುವಾಗ ಹಳೆಯ ಸ್ಕ್ಯಾನಿನ ವರದಿಯ ಜೊತೆಗೆ ಅದರ ಸಿಡಿಯನ್ನೂ ಮರೆಯದೆ ಒಯ್ಯಿರಿ.