ಸೇತುವೆ ಎಣಿಸಿ ವೆನಿಸ್ ನೋಡುವುದು

ರಸ್ತೆ ಎಂಬುದು ಪಿಯಾತ್ಸಾಲೆ ರೋಮಾದಲ್ಲಿ ಮುಗಿಯುತ್ತದೆ. ಬಸ್ಸು, ಟ್ಯಾಕ್ಸಿ, ಮೆಸ್ತ್ರೆಯಿಂದ ಬರುವ ಟ್ರ್ಯಾಮ್ ಎಲ್ಲವೂ ಇಲ್ಲಿಯವರೆಗೆ ಮಾತ್ರ. ಮುಂದಕ್ಕೆ ಸೈಕಲ್ಲನ್ನೂ ಬಿಡುವುದಿಲ್ಲ. ವೆನಿಸ್‌ಗೆ ರಸ್ತೆಯಲ್ಲಿ ಬಂದವರೆಲ್ಲ ಇಲ್ಲಿ ಇಳಿದು ನಡೆಯಲು ಸಜ್ಜಾಗುತ್ತಾರೆ. ನಮ್ಮಿಬ್ಬರಲ್ಲಿ ನಡೆಯುವವಳು ನಾನೊಬ್ಬಳೇ. ಅಕ್ಕನಿಗೆ ಎಳವೆಯಲ್ಲೇ ಪೋಲಿಯೊ ಬಡಿದಿತ್ತು. ಕ್ಯಾಲಿಪರ್ ತೊಟ್ಟು, ಊರುಗೋಲು ಹಿಡಿದೇ ಬ್ಯಾಂಕಿನಲ್ಲಿ ಸರ್ವಿಸ್ ಮುಗಿಸಿದವಳು, ಅರವತ್ತು ದಾಟಿದ ಮೇಲೆ ಭುಜಗಳು ಕೈಕೊಟ್ಟು ವೀಲ್‌ಚೇರ್‌ಗೆ ಬಂದಿದ್ದಾಳೆ.

ಹೊರಡುವಾಗ ಬುದ್ಧಿ ಹೇಳಿದವರೆಲ್ಲರದೂ ಒಂದೇ ರಾಗ: ಅಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ನೋಡಿದಲ್ಲೆಲ್ಲ ಮೆಟ್ಟಿಲು, ವೀಲ್‌ಚೇರ್ ಕಟ್ಟಿಕೊಂಡು ಅಲ್ಲಿಗ್ಯಾಕೆ? ಸುಳ್ಳೇನಲ್ಲ. ನೂರಕ್ಕೂ ಮಿಕ್ಕ ನಡುಗಡ್ಡೆಗಳನ್ನು ಹೊಲಿದು ಮಾಡಿದ ಊರು. ಕೆಳಗೆ ದೋಣಿ ಹಾಯಬೇಕಾದ್ದರಿಂದ ಸೇತುವೆಗಳೆಲ್ಲ ಬೆನ್ನು ಬಾಗಿಸಿ ನಿಂತಿವೆ. ಆದರೆ ಇದು ನೀರಿನ ಮೇಲೇ ಓಡಾಡಲು ಕಟ್ಟಿದ ಊರು ಎಂಬುದನ್ನು ಬುದ್ಧಿ ಹೇಳಿದವರು ಮರೆತಿದ್ದರು. ಇಲ್ಲಿನ ಹಳೆಯ ದೊಡ್ಡಮನೆಗಳ ಮುಂಬಾಗಿಲು ಇರುವುದೇ ಕಾಲುವೆಯ ಕಡೆಗೆ. ದೋಣಿಯಲ್ಲೇ ಓಡಾಡುವುದಾದರೆ ಹಳೆಯ ವೆನಿಸ್‌ನ ಸುಮಾರು ಶೇ. 70 ಭಾಗವನ್ನು ಒಂದೂ ಸೇತುವೆ ಹತ್ತದೆ ತಲುಪಬಹುದು ಎಂದು ನಗರಾಡಳಿತವೇ ಲೆಕ್ಕ ಕೊಟ್ಟಿದೆ. ಯಾವ ಭಾಗ ಎಂದು ಬಣ್ಣ ಬಳಿದು ತೋರಿಸುವ ನಕ್ಷೆಯನ್ನೂ ಹೊರತಂದಿದೆ. ಆ ನಕ್ಷೆ ಕೈಗೆ ಬಂದ ಕೂಡಲೇ ದೂರದ ಲೆಕ್ಕ ಬಿಟ್ಟುಬಿಡಬೇಕು. ಎರಡು ಕಿಲೋಮೀಟರ್ ಆಚೆಯ ಚರ್ಚು ಹತ್ತಿರದ್ದಾಗಬಹುದು, ಕಣ್ಣೆದುರಿನ ಅಂಗಡಿ ದೂರದ್ದಾಗಬಹುದು. ಎಣಿಸಬೇಕಾದ್ದು ಸೇತುವೆಗಳನ್ನು ಮಾತ್ರ.

ಮೊದಲ ಸೇತುವೆ ಪಿಯಾತ್ಸಾಲೆ ರೋಮಾದ ಪಕ್ಕದಲ್ಲೇ ಇದೆ. ಗ್ರ್ಯಾಂಡ್ ಕೆನಾಲ್ ದಾಟಿಸುವ ನಾಲ್ಕು ಸೇತುವೆಗಳಲ್ಲಿ ಇದೇ ಕಿರಿಯದು. ಸ್ಪೇನಿನ ಹೆಸರಾಂತ ವಾಸ್ತುಶಿಲ್ಪಿ ಸಾಂಟಿಯಾಗೊ ಕಲಾತ್ರಾವಾ ರೂಪಿಸಿದ್ದು, 2008ರಲ್ಲಿ ತೆರೆದದ್ದು. ಉಕ್ಕಿನ ಕಮಾನು, ಗಾಜಿನ ಮೆಟ್ಟಿಲು, ನೋಡಲು ಚೆಂದವೇ. 16ನೇ ಶತಮಾನದ ರಿಯಾಲ್ಟೊ ಸೇತುವೆಗೆ ಮೆಟ್ಟಿಲಿದ್ದರೆ ಅದು ಆ ಕಾಲದ ಮಾತು ಎನ್ನಬಹುದು. ಒಂದು ಕಡೆ ಬಸ್ ನಿಲ್ದಾಣ, ಇನ್ನೊಂದು ಕಡೆ ರೈಲು ನಿಲ್ದಾಣ ಇರುವಲ್ಲಿ, 21ನೇ ಶತಮಾನದಲ್ಲಿ, ಮತ್ತೆ ಬರೀ ಮೆಟ್ಟಿಲು! ಗಲಾಟೆ ಎದ್ದ ಮೇಲೆ ಸೇತುವೆಯ ಪಕ್ಕಕ್ಕೆ ಮೊಟ್ಟೆಯಾಕಾರದ ಕೆಂಪು ಡಬ್ಬಿಯೊಂದನ್ನು ಜೋಡಿಸಿದರು. ವೀಲ್‌ಚೇರ್‌ನವರು ಅದರೊಳಗೆ ಕೂತು ಹಳಿಯ ಮೇಲೆ ನಿಧಾನಕ್ಕೆ ಸರಿದು ಆಚೆ ದಡ ಸೇರಬೇಕು. 2013ರಲ್ಲಿ ಶುರುವಾದ ಅದು ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತಿತ್ತು, ಆಗಾಗ ಕೆಟ್ಟು ನಿಲ್ಲುತ್ತಿತ್ತು. 2020ರಲ್ಲಿ ಕಿತ್ತು ಹಾಕಿದರು. ಅಷ್ಟರಲ್ಲಿ ಗಾಜಿನ ಮೆಟ್ಟಿಲ ಮೇಲೆ ಕಾಲಿದ್ದವರೂ ಜಾರಿ ಬೀಳುತ್ತಿದ್ದರು. ಗಾಜು ತೆಗೆದು ಕಲ್ಲು ಹಾಕಲು 2022ರಲ್ಲಿ ನಗರಾಡಳಿತ ತೀರ್ಮಾನಿಸಿತು.

ಅಕ್ಕ ಸೇತುವೆಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಸದ್ಯ, ಡಬ್ಬಿಯಲ್ಲಿ ಕೂರೋದು ತಪ್ಪಿತು. ನಡಿಯೇ, ದೋಣಿ ಬಂತು" ಎಂದಳು.

ದೋಣಿ ಎಂದರೆ ವಪೊರೆಟ್ಟೊ, ಇಲ್ಲಿನ ಸಿಟಿ ಬಸ್ಸು. ಸಾಮಾನ್ಯ ಪ್ರವಾಸಿಗೆ 75 ನಿಮಿಷದ ಟಿಕೆಟ್ಟಿಗೆ 9.50 ಯೂರೋ. ವೀಲ್‌ಚೇರ್‌ನವರಿಗೆ 1.50, ಜೊತೆಗಿರುವವರಿಗೆ ಏನೂ ಇಲ್ಲ. ದಡಕ್ಕೂ ದೋಣಿಗೂ ನಡುವೆ ತೇಲುವ ಕಟ್ಟೆಯೊಂದಿದೆ. ಸಮುದ್ರದ ಭರತಕ್ಕೆ ಅದೂ ಏರುತ್ತದೆ, ಇಳಿತಕ್ಕೆ ಅದೂ ಇಳಿಯುತ್ತದೆ. ಹಾಗಾಗಿ ಒಂದನೇ ನಂಬರಿನ ದೋಣಿಯ ನೆಲವೂ ಕಟ್ಟೆಯ ನೆಲವೂ ಯಾವ ಹೊತ್ತಿನಲ್ಲೂ ಹೆಚ್ಚುಕಮ್ಮಿ ಸಮ. ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿದ ದೋಣಿಯಾಳು ಕಬ್ಬಿಣದ ಗೇಟು ಸರಿಸಿ, ಕಾಯುತ್ತಿದ್ದ ಗುಂಪನ್ನು ಕೈ ಅಡ್ಡ ಹಿಡಿದು ತಡೆದು, ಅಕ್ಕನನ್ನು ಮೊದಲು ಒಳಕ್ಕೆ ಬಿಟ್ಟ. ಇಳಿತದ ಹೊತ್ತಿನಲ್ಲಿ ಪೇಚಾಟ ಇರುವುದು ದಡದಿಂದ ಕಟ್ಟೆಗೆ ಹಾಕಿದ ಹಲಗೆಯಲ್ಲಿ. ಅದು ಕಡಿದಾಗಿ ವಾಲುತ್ತದೆ. ಇಳಿಯುವಾಗ ವೀಲ್‌ಚೇರನ್ನು ಹಿಮ್ಮುಖ ಮಾಡಿಕೊಂಡೇ ಇಳಿಸಬೇಕು. ಇನ್ನೊಂದು ವಿಷಯ: ಊರನ್ನು ಹೊರಗಿನಿಂದ ಸುತ್ತುವ 4.1, 4.2, 5.1, 5.2 ನಂಬರಿನವು ತಗ್ಗಿನ, ಸಣ್ಣ ದೋಣಿಗಳು. ಒಂದು ವೀಲ್‌ಚೇರ್ ಒಳಗಿದ್ದರೆ ಇನ್ನೊಂದಕ್ಕೆ ಜಾಗವಿಲ್ಲ. ಒಂದು, ಎರಡು ನಂಬರಿನವೇ ವಾಸಿ.

ರಿಯಾಲ್ಟೊ ಸೇತುವೆಯ ಅಡಿಯಲ್ಲಿ ಹಾಯುವಾಗ ಮೇಲಿನ ಗುಂಪೆಲ್ಲ ಕೆಳಗಿನ ದೋಣಿಗಳ ಫೋಟೊ ತೆಗೆಯುತ್ತಿತ್ತು. ಸೇತುವೆ ಪೂರ್ತಿ ಕಾಣುತ್ತಿದ್ದದ್ದು ನಮಗೆ.

ಅಕಾದೆಮಿಯಾ ನಿಲ್ದಾಣದಲ್ಲಿ ಇಳಿದರೆ ಚಿತ್ರಶಾಲೆ ಪಕ್ಕದಲ್ಲೇ ಇದೆ. ನಾವು ಅದನ್ನು ಬಿಟ್ಟು ಮುಂದಿನ ಅಗಲವಾದ ನೇರ ಬೀದಿ ಹಿಡಿದೆವು. ಹೆಸರು ರಿಯೊ ತೆರಾ ಫೊಸ್ಕರೀನಿ. ಒಂದು ಕಾಲಕ್ಕೆ ಇದು ಕಾಲುವೆ. ಆಮೇಲೆ ಮಣ್ಣು ತುಂಬಿ ಬೀದಿ ಮಾಡಿದ್ದಾರೆ. ವೆನಿಸ್‌ನಲ್ಲಿ 'ರಿಯೊ ತೆರಾ' ಎಂಬ ಫಲಕ ಕಂಡಲ್ಲೆಲ್ಲ ವೀಲ್‌ಚೇರನ್ನು ಧೈರ್ಯವಾಗಿ ನೂಕಬಹುದು. ಇಂಥ ಬೀದಿ ಉದ್ದಕ್ಕೂ ಮಟ್ಟಸವಾಗಿರುತ್ತದೆ, ಅಗಲವಾಗಿಯೂ ಇರುತ್ತದೆ. ಊರಿನ ಪೂರ್ವಕ್ಕಿರುವ ವಿಯಾ ಗರಿಬಾಲ್ಡಿಯೂ ನೆಪೋಲಿಯನ್ ಆಳ್ವಿಕೆಯಲ್ಲಿ ಹೀಗೇ ಮುಚ್ಚಿದ ಕಾಲುವೆ. ಫೊಸ್ಕರೀನಿ ಬೀದಿ ಹಿಡಿದು ಸ್ವಲ್ಪ ಹೊತ್ತಿಗೆಲ್ಲ ನಾವು ಊರಿನ ದಕ್ಷಿಣದ ಅಂಚಿಗೆ, ಜಾತ್ತೆರೆ ಎಂಬ ಉದ್ದನೆಯ ದಡಕ್ಕೆ ಬಂದಿದ್ದೆವು. ಒಂದೂ ಮೆಟ್ಟಿಲು ಅಡ್ಡ ಬರಲಿಲ್ಲ.

ಜಾತ್ತೆರೆಯಲ್ಲಿ ಸೇತುವೆಗಳಿವೆ. ಆದರೆ ನವೆಂಬರಿನಲ್ಲಿ ಅವುಗಳ ಅರ್ಧ ಅಗಲಕ್ಕೆ ಹಲಗೆಯ ರ‍್ಯಾಂಪು ಹಾಸಿರುತ್ತದೆ. ಪ್ರತಿ ಅಕ್ಟೋಬರ್‌ನಲ್ಲಿ ವೆನಿಸ್ ಮ್ಯಾರಥಾನ್ ನಡೆಯುತ್ತದೆ, 1986ರಿಂದ. ಕೊನೆಯ ಹಂತದಲ್ಲಿ ಓಟಗಾರರು ಸಾಲು ಸೇತುವೆಗಳನ್ನು ದಾಟಬೇಕು. ಓಡುವ ಕಾಲಿಗೆ ಮೆಟ್ಟಿಲು ತೊಡಕೆಂದು ಹಾಕುವ ರ‍್ಯಾಂಪುಗಳಿವು. ಓಟ ಮುಗಿದ ಮೇಲೂ ಎಷ್ಟೋ ತಿಂಗಳು ಅವನ್ನು ಅಲ್ಲೇ ಬಿಟ್ಟಿರುತ್ತಾರೆ. ಏರು ಕಡಿದಾಗಿದೆ, ಒಬ್ಬರೇ ಚಕ್ರ ತಳ್ಳಿಕೊಂಡು ಹತ್ತುವುದು ಸುಲಭವಲ್ಲ, ನೂಕುವವರು ಬೇಕೇ ಬೇಕು. ಆದರೂ ನಾನು ನಿಂತು ನೋಡುತ್ತಿದ್ದಷ್ಟು ಹೊತ್ತು ಮೆಟ್ಟಿಲ ಕಡೆಗೆ ಹೋದವರು ಕಡಿಮೆ. ಮಗುವಿನ ತಳ್ಳುಗಾಡಿಯವರು, ಚಕ್ರದ ಚೀಲ ಎಳೆಯುತ್ತಿದ್ದ ಅಜ್ಜಿಯರು, ಸೂಟ್‌ಕೇಸಿನ ಪ್ರವಾಸಿಗಳು ಎಲ್ಲರಿಗೂ ರ‍್ಯಾಂಪೇ ಬೇಕು.

ನನಗೆ ಅಲ್ಲಿ ಖಚಿತವಾಯಿತು. ಈ ಊರಿನಲ್ಲಿ ಅಂಗವಿಕಲರಿಗೆಂದೇ ಮಾಡಿಟ್ಟದ್ದರಲ್ಲಿ ಬಹಳಷ್ಟು ಕೈಕೊಟ್ಟಿದೆ. ಕೆಂಪು ಡಬ್ಬಿ ಹೋಯಿತು. ಕೆಲವು ಸೇತುವೆಗಳಿಗೆ ಅಳವಡಿಸಿದ್ದ ಮೆಟ್ಟಿಲೇರುವ ಯಂತ್ರಗಳದ್ದೂ ಅದೇ ಗತಿ. ಅಕ್ಕನನ್ನು ದಾಟಿಸಿದ್ದು ಬೇರೆಯವರಿಗೆಂದು ಮಾಡಿದ್ದು: ಊರವರೆಲ್ಲ ಹತ್ತುವ ದೋಣಿ, ಬೀದಿ ಅಗಲವಾಗಲೆಂದು ಮುಚ್ಚಿದ ಕಾಲುವೆ, ಓಟಗಾರರ ಹಲಗೆ. ಕೆಲವರಿಗಷ್ಟೇ ಬೇಕಾದ್ದು ಕೆಟ್ಟರೆ ಕೇಳುವವರು ಕೆಲವರೇ. ಎಲ್ಲರಿಗೂ ಬೇಕಾದ್ದು ಕೆಟ್ಟರೆ ಅವತ್ತೇ ರಿಪೇರಿ. ನಮ್ಮ ಕಚೇರಿಗಳ ಮುಂದೆ ಹೂಕುಂಡ ಇಡಲು ಬಳಕೆಯಾಗುವ ರ‍್ಯಾಂಪುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಅಪವಾದವೂ ಇದೆ ಎನ್ನಬೇಕು. ವೀಲ್‌ಚೇರನ್ನು ಹಾಗೇ ಗೊಂಡೋಲಾಕ್ಕೆ ಇಳಿಸುವ ಲಿಫ್ಟಿನ ಕಟ್ಟೆಯೊಂದು ಪಿಯಾತ್ಸಾಲೆ ರೋಮಾದಲ್ಲಿ 2016ರಲ್ಲಿ ಶುರುವಾಯಿತು. ಅದರ ಹಿಂದಿದ್ದವರು ಇಬ್ಬರು ಗೊಂಡೋಲಾ ನಡೆಸುವವರೇ. ಅಕ್ಕನಿಗೆ ಆಸೆಯಾಗಲಿಲ್ಲ. ಒಂದೂವರೆ ಯೂರೋದ ದೋಣಿ ಇಡೀ ಊರು ತೋರಿಸುತ್ತಿರುವಾಗ ಅದೆಲ್ಲ ದುಡ್ಡು ದಂಡ ಎಂಬುದು ಬ್ಯಾಂಕಿನವಳ ಲೆಕ್ಕ.

ಅವಳ ಕಣ್ಣು ಬಿದ್ದದ್ದು ಸಾಮಾನು ಸಾಗಿಸುವವರ ಕೈಗಾಡಿಯ ಮೇಲೆ. ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಚಾಚಿಕೊಂಡ ಎರಡು ಪುಟ್ಟ ಚಕ್ರ. ಪುಟ್ಟ ಚಕ್ರಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ದೊಡ್ಡದನ್ನು ಎಳೆದುಕೊಂಡು, ನೀರಿನ ಬಾಟಲಿಗಳ ರಾಶಿಯನ್ನೇ ಸೇತುವೆ ಹತ್ತಿಸುತ್ತಾರೆ. "ನನ್ನ ಕುರ್ಚಿಗೂ ಹೀಗೆ ಎರಡು ಮೂಗು ಹಾಕಿಸಬಾರದೇನೇ?" ಎಂದು ಕೇಳಿದಳು. ತಮಾಷೆಗೆ ಕೇಳಿದ ಹಾಗಿರಲಿಲ್ಲ.

ದಡದ ತುದಿ ಸುತ್ತಿ ಸಲೂತೆ ಚರ್ಚಿನ ಮುಂದೆ ಬಂದೆವು. ಎತ್ತರದ ಮೆಟ್ಟಿಲ ಸಾಲು. ಹೊರಗಿನಿಂದಲೇ ಕೈಮುಗಿದು ಮತ್ತೆ ಒಂದನೇ ನಂಬರು ಹತ್ತಿದೆವು.

ಸ್ಯಾನ್ ಮಾರ್ಕೊ ಚೌಕಕ್ಕೆ ಹೋಗುವವರು ಇಳಿಯುವ ನಿಲ್ದಾಣವನ್ನು ನೋಡಿಕೊಳ್ಳಬೇಕು. ಸ್ಯಾನ್ ಜಕರಿಯಾದಲ್ಲಿ ಇಳಿದರೆ ಚೌಕಕ್ಕೆ ಹೋಗುವ ದಾರಿಯಲ್ಲಿ ಸೇತುವೆ ಅಡ್ಡ ಬರುತ್ತದೆ. ಅದಕ್ಕೂ ಮೊದಲು ಸಿಗುವ ವಲ್ಲರೆಸ್ಸೊದಲ್ಲಿ ಇಳಿದರೆ ಸಮತಟ್ಟಾದ ಓಣಿ ನೇರ ಚೌಕದ ಹತ್ತಿರಕ್ಕೇ ಒಯ್ಯುತ್ತದೆ. ನಾವು ಹೋದಾಗ ಚೌಕದ ಕಲ್ಲುಗಳ ಸಂದಿಯಿಂದ ನೀರು ಒಸರುತ್ತಿತ್ತು. ಊರಿನಲ್ಲೇ ತೀರ ತಗ್ಗಿನ ಜಾಗವಿದು. ಸಮುದ್ರವನ್ನು ಹೊರಗೇ ತಡೆಯುವ ಮೊಸೆ ಎಂಬ ಬಾಗಿಲುಗಳು 2020ರ ಅಕ್ಟೋಬರ್ 3ರಂದು ಮೊದಲ ಸಲ ನೆರೆಗೆ ಎದ್ದು ನಿಂತವು. ಆದರೆ ಸಣ್ಣಪುಟ್ಟ ಏರಿಗೆಲ್ಲ ಅವನ್ನು ಎತ್ತುವುದಿಲ್ಲ, ಚೌಕ ಅಷ್ಟಕ್ಕೇ ಒದ್ದೆಯಾಗುತ್ತದೆ. ನೀರು ನಿಂತಾಗ ಜೋಡಿಸುವ ಎತ್ತರದ ಹಲಗೆದಾರಿ ಇಕ್ಕಟ್ಟಾದದ್ದು, ಪಕ್ಕಕ್ಕೆ ಕಂಬಿಯೂ ಇಲ್ಲ. ವೀಲ್‌ಚೇರ್‌ಗೆ ಅದು ಆಗದ ಮಾತು. ಹೊರಡುವ ಮುನ್ನ ಮೊಬೈಲಿನಲ್ಲಿ ಭರತದ ಮುನ್ಸೂಚನೆ ನೋಡಿಕೊಂಡೇ ಬರಬೇಕು.

ಸ್ಯಾನ್ ಮಾರ್ಕೊ ಬಸಿಲಿಕಾಕ್ಕೆ ಉತ್ತರದ ಪಕ್ಕದ ಬಾಗಿಲಿನಿಂದ ಬಿಟ್ಟರು. ಒಳಗೆ ಅಮೃತಶಿಲೆಯ ಚೂರು ಜೋಡಿಸಿದ ನೆಲ ಶತಮಾನಗಳಿಂದ ಕುಸಿದೂ ಉಬ್ಬಿಯೂ ಅಲೆಅಲೆಯಾಗಿದೆ. ಎಲ್ಲರೂ ತಲೆಯೆತ್ತಿ ಚಿನ್ನದ ಚಾವಣಿ ನೋಡುತ್ತಿದ್ದರೆ ಆ ಅಲೆಗಳ ಲೆಕ್ಕ ಸಿಕ್ಕಿದ್ದು ನನ್ನ ಅಂಗೈಗೆ. ಪಕ್ಕದ ಡೋಜ್ ಅರಮನೆಯಲ್ಲಿ ಲಿಫ್ಟ್ ಇದೆ. ನಿಟ್ಟುಸಿರಿನ ಸೇತುವೆ, ಅದರಾಚೆಯ ಸೆರೆಮನೆ, ಈ ಎರಡಕ್ಕೂ ವೀಲ್‌ಚೇರ್ ಹೋಗದು. "ಜೈಲು ತಪ್ಪಿತು ಅಂತ ಯಾರಾದರೂ ಅಳ್ತಾರೇನೇ?" ಎಂದಳು.

ಬಿಸಿಲಿಳಿಯುವ ಮುಂಚೆ ಒಂದನೇ ನಂಬರಿನ ಕೊನೆಯ ನಿಲ್ದಾಣವಾದ ಲಿಡೊಗೆ ಹೋದೆವು. ಇಲ್ಲಿ ಡಾಂಬರು ರಸ್ತೆ, ಕಾರು, ಬಸ್ಸು, ಅಗಲವಾದ ಫುಟ್‌ಪಾತ್ ಎಲ್ಲ ಇವೆ. ಕಟ್ಟೆಯಿಂದ ಹೊರಟ ದೊಡ್ಡ ಬೀದಿ ಆಚೆ ಬದಿಯ ಏಡ್ರಿಯಾಟಿಕ್ ಕಡಲತೀರದವರೆಗೂ ನೆಟ್ಟಗಿದೆ. ಅಕ್ಕ ನನ್ನ ಕೈ ಬಿಡಿಸಿ ತಾನೇ ಚಕ್ರ ತಳ್ಳಿಕೊಂಡು ಮುಂದೆ ಹೋದಳು. ನಾನು ಹಿಂದೆ ಬಿದ್ದೆ.

ದಾರಿಯಲ್ಲಿನ ಕಾಫಿ ಬಾರಿಗೆ ಒಂದು ಮೆಟ್ಟಿಲಿತ್ತು. ಹುಡುಗ ಕಪ್ಪನ್ನು ಹೊರಗೇ ತಂದುಕೊಟ್ಟ. ಇಟಲಿಯಲ್ಲಿ ಕೌಂಟರಿನ ಬಳಿ ನಿಂತು ಕುಡಿದರೆ ಒಂದು ದರ, ಮೇಜಿನ ಮುಂದೆ ಕೂತರೆ ಅದಕ್ಕಿಂತ ಹೆಚ್ಚಿನ ದರ. ಅಕ್ಕ ದರಪಟ್ಟಿಯನ್ನು ಕನ್ನಡಕ ಏರಿಸಿ ಓದಿದಳು. "ಅವನಿಗೆ ಹೇಳೇ, ಕುರ್ಚಿ ನಾನೇ ತಂದಿದ್ದೀನಿ, ನಿಂತವರ ರೇಟೇ ಹಾಕಲಿ."